ಸ್ಕೋಪಿನ ಮುಂದೆ ಕ್ಯೂ

ಕಾಸರಗೋಡಿನಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಇಟ್ಟುಕೊಂಡು ಎಲ್ಲೇ ನಿಂತರೂ ಜನ ನಿಮ್ಮನ್ನು ಸರ್ವೆಯವರು ಅಂತಲೇ ತಿಳಿಯುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ತಲಪಾಡಿಯಿಂದ ಈಚೆ ಹೈವೇ ಅಗಲ ಆಗುವಾಗ ಎಷ್ಟೋ ಜನರ ಜಗಲಿ, ಅಂಗಡಿ, ಫಲ ಬರುವ ತೆಂಗು ಎಲ್ಲ ಹೋಗಿದೆ. ಅದರ ಮೇಲೆ ತಿರುವನಂತಪುರದಿಂದ ಇಲ್ಲಿಗೆ ಸ್ಪೀಡ್ ರೈಲು ಬರುತ್ತದೆ ಅಂತ ಸುದ್ದಿಯಾಗಿ, 2022ರಲ್ಲಿ ಕೇರಳದ ಅಲ್ಲಲ್ಲಿ ಸರ್ವೆಯವರು ಅದರ ಗುರುತಿಗೆ ಹಳದಿ ಕಲ್ಲು ನೆಡುವುದು, ಜನ ಅದನ್ನು ಕಿತ್ತು ಬಿಸಾಡುವುದು ಟೀವಿಯಲ್ಲಿ ದಿನಾ ಬರುತ್ತಿತ್ತು. ಹಾಗಿರುವಾಗ ಪಳ್ಳಿಕೆರೆ ಬೀಚಿನಲ್ಲಿ ಬೆಳಗ್ಗೆ ಬೆಳಗ್ಗೆ ಟ್ರೈಪಾಡ್ ಬಿಡಿಸಿ, ದೂರದ್ದನ್ನು ಹತ್ತಿರ ತೋರಿಸುವ ಸ್ಕೋಪ್ ಕೂರಿಸುವವ ಹಕ್ಕಿ ನೋಡಲು ಬಂದವ ಅಂದರೆ ಯಾರು ನಂಬುತ್ತಾರೆ?

ನನಗೆ ಬೇಕಿದ್ದದ್ದು ಬಿಳಿ ಹೊಟ್ಟೆಯ ಕಡಲ ಹದ್ದು. 2023ರಲ್ಲಿ ನಮ್ಮ ಜಿಲ್ಲಾ ಪಂಚಾಯತ್ ಜಿಲ್ಲೆಗೆ ಅಂತಲೇ ಒಂದು ಮರ, ಒಂದು ಹೂ, ಒಂದು ಹಕ್ಕಿ, ಒಂದು ಆಮೆ ಆರಿಸಿತಲ್ಲ, ಅದರಲ್ಲಿ ಹಕ್ಕಿಯ ಸೀಟು ಇದಕ್ಕೆ ಸಿಕ್ಕಿತು. ಮರ ಕಾಸರಕ. ಅದನ್ನು ನೋಡಲು ಯಾವ ಸ್ಕೋಪೂ ಬೇಡ, ಓಡಿ ಹೋಗುವುದಿಲ್ಲ.

ಜೊತೆಗೆ ಭಾವ ಬಂದಿದ್ದರು. ನನ್ನ ಹೆಂಡತಿಯ ಅಣ್ಣ. ಹಕ್ಕಿಗಿಂತ ಅವರಿಗೆ ಬೀಚಿನ ಗಾಡಿಯ ಬೋಂಡದ ಮೇಲೆ ಪ್ರೀತಿ ಜಾಸ್ತಿ. ಏಸಿ ಕಾರಿನಿಂದ ಇಳಿದ ಕೂಡಲೇ ಬೈನಾಕ್ಯುಲರಿನ ಗಾಜಿಗೆ ಮಂಜು ಕಟ್ಟಿತು. ಕಡಲ ಕರೆಯ ಸೆಕೆಗೆ ಅದು ಆಗುವುದೇ, ಐದು ನಿಮಿಷ ಸುಮ್ನೆ ಬಿಟ್ಟರೆ ತಾನಾಗಿ ಹೋಗುತ್ತದೆ. ನಾನು ಹಾಗೆ ಹೇಳಿ ಮುಗಿಸುವ ಮೊದಲೇ ಭಾವ ಬೋಂಡದ ಎಣ್ಣೆ ಕೈಯಲ್ಲೇ ಮುಂಡಿನ ತುದಿ ಹಿಡಿದು ಚೆನ್ನಾಗಿ ಉಜ್ಜಿ ಕೊಟ್ಟರು. ಆಮೇಲೆ ನಾನು ಅದರಲ್ಲಿ ಕಂಡ ಪ್ರತಿ ಕಾಗೆಯ ಸುತ್ತಲೂ ದೇವರ ಫೋಟೋದಲ್ಲಿ ಇರುವಂಥ ಪ್ರಭಾವಳಿ.

ಅಲೆಯ ಅಂಚಿನಲ್ಲಿ ಸ್ಯಾಂಡ್ ಪ್ಲೋವರ್ ಅನ್ನುವ ಕಡಲ ಕರೆಯ ಹಕ್ಕಿಗಳು ಓಡುತ್ತಿದ್ದವು. ಓಡಿ, ಗಕ್ಕನೆ ನಿಂತು, ಮರಳಿಗೆ ಒಂದು ಕುಕ್ಕು ಕೊಟ್ಟು, ಪುನಃ ಓಟ. ಚಳಿಗಾಲದಲ್ಲಿ ಇವೆಲ್ಲ ಒಂದೇ ಬೂದು ಬಣ್ಣ. ದೊಡ್ಡದು, ಸಣ್ಣದು ಅಂತ ಜಾತಿ ಬೇರೆ ಬೇರೆ: ಕೊಕ್ಕು ಉದ್ದ, ಕಾಲು ಉದ್ದ ಇದ್ದರೆ ದೊಡ್ಡದು, ಗಿಡ್ಡ ಇದ್ದರೆ ಸಣ್ಣದು. ಯಾವುದಕ್ಕೆ ಹೋಲಿಸಿ ಉದ್ದ ಅಂತ ಮಾತ್ರ ಕೇಳಬೇಡಿ. ನಾನು ಕಷ್ಟಪಟ್ಟು ಸಣ್ಣದರ ಗುರ್ತ ಹಿಡಿಯಲು ಕಲಿತ ಮೇಲೆ ವಿಜ್ಞಾನಿಗಳು ಅದನ್ನೇ ಎರಡು ಪಾಲು ಮಾಡಿ, ಒಂದು ಸೈಬೀರಿಯದ್ದು, ಒಂದು ಟಿಬೆಟ್ಟಿನದ್ದು ಅಂದರು. ಜಾಗದ ಪಾಲುಪಟ್ಟಿಯೇ ನಮಗೆ ಸಾಕಾಗಿದೆ, ಇನ್ನು ಹಕ್ಕಿಯದ್ದು ಬೇರೆ.

ಭಾವನಿಗೆ ಆ ತಂಟೆ ಇಲ್ಲ. ಆಕಾಶದಲ್ಲಿ ರೆಕ್ಕೆ ಬಿಡಿಸಿದ್ದೆಲ್ಲ ಅವರಿಗೆ ಕಡಲ ಹದ್ದು. "ಅಲ್ಲ ಭಾವ, ಅದು ಗರುಡ. ಮೈ ಕೆಂಪು ಉಂಟಲ್ಲ?" ಅಂತ ನಾನು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದೂ ಗರುಡ. ಗರುಡದ ಮರಿಗೆ ಬೇರೆ ಕಂದು ಬಣ್ಣ, ಅದಕ್ಕೆ ನಾನು ಪುನಃ ಪಾಠ ಹೇಳಬೇಕಾಯಿತು. ಕಡಲ ಹದ್ದಾದರೆ ತಲೆ, ಹೊಟ್ಟೆ ಬಿಳಿ, ಬೆನ್ನು ಬೂದು, ರೆಕ್ಕೆ ಬಿಡಿಸಿದರೆ ಈ ತುದಿಯಿಂದ ಆ ತುದಿಗೆ ಎರಡು ಮೀಟರ್ ಹತ್ತಿರ ಅಂತ ವಿವರಿಸುತ್ತಿದ್ದೆ. ಅಷ್ಟರಲ್ಲಿ ಬಲೆ ಕೊಡಹುತ್ತಿದ್ದ ಅಣ್ಣ ಒಬ್ಬರು ಬಂದು ನಿಂತರು. ಮಲಯಾಳದಲ್ಲಿ ಕೇಳಿದರು, ಕಲ್ಲು ಎಲ್ಲಿ ಹಾಕುತ್ತೀರಿ?

ಹಕ್ಕಿ ಅಂದೆ. ಅವರು ನನ್ನ ಮುಖ ನೋಡಿದರು, ಸ್ಕೋಪ್ ನೋಡಿದರು, ಭಾವನ ಕೈಯ ಬೋಂಡದ ಪೊಟ್ಟಣ ನೋಡಿದರು. ಪೊಟ್ಟಣ ನೋಡಿಯೇ ಇರಬೇಕು, ಸ್ವಲ್ಪ ನಂಬಿದರು. "ತೋರಿಸಿ" ಅಂದರು. ತೋರಿಸಿದೆ. ಅವರು ಹಕ್ಕಿಯನ್ನು ಬಿಟ್ಟು ಸ್ಕೋಪನ್ನು ಮೆಲ್ಲ ಕಡಲಿಗೆ ತಿರುಗಿಸಿ, ದೂರದ ಒಂದು ದೋಣಿ ಹಿಡಿದು, ಅದರಲ್ಲಿ ಯಾರ‍್ಯಾರು ಇದ್ದಾರೆ, ಯಾರು ಕೆಲಸ ಮಾಡದೆ ಬೀಡಿ ಎಳೆಯುತ್ತಿದ್ದಾರೆ ಅಂತ ಗಟ್ಟಿಯಾಗಿ ಹೇಳತೊಡಗಿದರು. ಅಲ್ಲಿಗೆ ಮುಗಿಯಿತು. ಎರಡು ಮಕ್ಕಳು, ಮಕ್ಕಳ ಹಿಂದೆ ಅಮ್ಮ, ಅಮ್ಮನ ಹಿಂದೆ ಟೂರಿನವರ ಇಡೀ ಬಸ್ಸು. ಟಿಕೆಟ್ ಎಷ್ಟು ಅಂತ ಒಬ್ಬರು ಭಾವನನ್ನು ಕೇಳಿಯೂ ಆಯಿತು, ಭಾವ ಒಂದು ಕ್ಷಣ ಯೋಚಿಸಿದ್ದನ್ನು ನಾನು ನೋಡಿದೆ.

ಹದ್ದು ಬಂದದ್ದು ಆಗ. ಬೇಕಲ ಕೋಟೆಯ ಕಡೆಯಿಂದ, ಕಾಲಲ್ಲಿ ಉದ್ದದ್ದು ಏನೋ ನೇತಾಡುತ್ತಿತ್ತು, ಹಿಂದೆ ನಾಲ್ಕೈದು ಕಾಗೆಗಳು. ಸ್ಕೋಪಿನಲ್ಲಿ ಒಬ್ಬರು ಅಜ್ಜಿ ಇದ್ದರು, ಅವರಿಗೆ ಇನ್ನೂ ಬಲಗಣ್ಣು ಮುಚ್ಚಬೇಕೋ ಎಡಗಣ್ಣು ಮುಚ್ಚಬೇಕೋ ಅಂತ ತೀರ್ಮಾನ ಆಗಿರಲಿಲ್ಲ. ನಾನು ಎಣ್ಣೆಯ ಬೈನಾಕ್ಯುಲರ್ ಎತ್ತಿದೆ. ಬಿಳಿ ಪ್ರಭಾವಳಿಯೊಳಗೆ ಬಿಳಿ ಹೊಟ್ಟೆ, ಯಾವುದು ಹದ್ದು ಯಾವುದು ಬೋಂಡ ಗೊತ್ತಾಗಲಿಲ್ಲ.

ಭಾವ ತಲೆ ಎತ್ತಿ, ಬೆಳಗ್ಗಿನಿಂದ ಕಲಿತದ್ದನ್ನೆಲ್ಲ ಸೇರಿಸಿ, ಗಂಭೀರವಾಗಿ ಹೇಳಿದರು:

"ಗರುಡ. ಬನ್ನಿ ಭಾವ, ಚಾ ಕುಡಿಯುವ."