ಬಂದೂಕಿದ್ದರೂ ಭಯ ಹೋಗುವುದಿಲ್ಲ
‘ರೆಸಿಡೆಂಟ್ ಈವಿಲ್ 4 ಆಟಗಾರನ ಕೈಗೆ ಬಂದೂಕು ಕೊಟ್ಟು ಭಯವನ್ನೇ ಕೊಂದಿತು’ ಎಂದು ಆ ಭಯಾನಕ ವಿಡಿಯೊ ಗೇಮ್ ಬಗ್ಗೆ ಲೇಖಕರು ಬರೆದಿರುವ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. 2005ರ ಮೂಲ ಆಟದಲ್ಲಿ ಗುರಿ ಹಿಡಿದು ನಿಂತ ನಾಯಕ ಲಿಯಾನ್ ಒಂದು ಹೆಜ್ಜೆಯೂ ಕದಲಲಾರ. ಭಯ ಹುಟ್ಟುವುದೇ ಅಲ್ಲಿ. ಮೊದಲ ಹಳ್ಳಿಯನ್ನೇ ನೆನಪಿಸಿಕೊಳ್ಳಿ: ದಾಳಿಗೆ ಬರುವ ಹಳ್ಳಿಗರನ್ನು ತಡೆಯಲು ಬಾಗಿಲಿಗೆ ಕಪಾಟು ಅಡ್ಡ ತಳ್ಳಿ ಮಹಡಿಯ ಶಾಟ್‌ಗನ್‌ಗಾಗಿ ಓಡುವಷ್ಟರಲ್ಲಿ ಕಿಟಕಿಗೆ ಏಣಿ ಬಿದ್ದಿರುತ್ತದೆ, ಹೊರಗೆ ಯಂತ್ರಗರಗಸದ ಮೊರೆತ. ಒಬ್ಬನ ಮೊಣಕಾಲಿಗೆ ಗುಂಡು ಹೊಡೆಯುವಾಗ ಬೆನ್ನ ಹಿಂದೆ ಯಾರಿದ್ದಾರೋ ತಿಳಿಯದು. ಗಂಟೆಯ ಸದ್ದಿಗೆ ಅವರೆಲ್ಲ ಕೊಡಲಿ ಕೆಳಗಿಟ್ಟು ಹೊರಟುಹೋದಾಗ ನನ್ನ ಅಂಗೈ ಪೂರ್ತಿ ಬೆವೆತಿತ್ತು. 2023ರ ಹೊಸ ಆವೃತ್ತಿಯಲ್ಲಿ ಗುರಿ ಹಿಡಿದೇ ನಡೆಯಬಹುದು. ಆದರೂ ಚಾಕು ಸವೆದು ಮುರಿಯುವುದರಿಂದ ಆ ಆತಂಕ ಒಂದಿಷ್ಟು ಉಳಿದಿದೆ. ಗುಂಡುಗಳ ಲೆಕ್ಕ ಬಿಡಿ, ಕಾಲು ಕಟ್ಟಿಹಾಕಿದ್ದನ್ನು ಲೇಖಕರು ಗಮನಿಸಬೇಕಿತ್ತು.