ವಿಜ್ಞಾನದ ಮೇಷ್ಟ್ರೂ ಬರವಣಿಗೆ ಕಲಿಸಬೇಕೆ?

ಪರ

ಬಿಳಿ-ಹಸಿರು ಎಲೆಯ ಪ್ರಯೋಗ ಪ್ರೌಢಶಾಲೆ ಓದಿದವರಿಗೆ ನೆನಪಿರುತ್ತದೆ. ಗಿಡವನ್ನು 3 ದಿನ ಕತ್ತಲಲ್ಲಿಟ್ಟು, ಆಮೇಲೆ ಬಿಸಿಲಿಗಿಟ್ಟು, ಎಲೆ ಕಿತ್ತು ಆಲ್ಕೋಹಾಲ್‌ನಲ್ಲಿ ಕುದಿಸಿ ಅಯೋಡಿನ್ ಹಾಕುತ್ತೇವೆ. ಮಕ್ಕಳು ಬರೆಯುವುದು: ‘ಎಲೆ ನೀಲಿಗಪ್ಪಾಯಿತು. ಆದ್ದರಿಂದ ದ್ಯುತಿಸಂಶ್ಲೇಷಣೆಗೆ ಪತ್ರಹರಿತ್ತು ಬೇಕು.’ ಕಾಗುಣಿತ ತಪ್ಪಿಲ್ಲ, ಕನ್ನಡ ಮೇಷ್ಟ್ರು ತಿದ್ದಲು ಅಲ್ಲಿ ಏನೂ ಇಲ್ಲ. ಆದರೆ ಮೊದಲ ವಾಕ್ಯದಿಂದ ಎರಡನೆಯದಕ್ಕೆ ಹೋಗುವ ದಾರಿಯೇ ಕಾಣೆ. ನೀಲಿಗಪ್ಪು ಎಂದರೆ ಪಿಷ್ಟ. ಮೊದಲಿದ್ದ ಪಿಷ್ಟ ಕತ್ತಲಲ್ಲಿ ಖರ್ಚಾಗಿದೆ. ಬಣ್ಣ ಬಂದದ್ದು ಹಸಿರಿದ್ದ ಕಡೆ ಮಾತ್ರ. ಇಷ್ಟನ್ನು ಬರೆಯಲಾರದ ಮಗುವಿಗೆ ಪ್ರಯೋಗ ಅರ್ಥವಾಗಿಲ್ಲ ಎಂದೇ ನನ್ನ ಲೆಕ್ಕ. ಬರೆಸಿದಾಗಲೇ ಅದು ಗೊತ್ತಾಗುವುದು, ಮಗುವಿಗೂ ನನಗೂ.

ನಮ್ಮ ಹಳೆಯ ತರ್ಕಪರಂಪರೆಯಾದ ನ್ಯಾಯದರ್ಶನದವರು ಇದನ್ನು ಎಂದೋ ಕಂಡಿದ್ದರು. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು. ಹೊಗೆ ಇದೆಯಲ್ಲ ಎಂಬುದು ಹೇತು, ಅಂದರೆ ಕಾರಣ. ಅಲ್ಲಿಗೇ ಬಿಡುವಂತಿಲ್ಲ, ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ನೋಡಿಲ್ಲವೇ ಎಂದು ಉದಾಹರಣೆ ಕೊಡಬೇಕು. 1958ರಲ್ಲಿ ಬ್ರಿಟಿಷ್ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು. ಆಧಾರದಿಂದ ತೀರ್ಮಾನಕ್ಕೆ ದಾಟಿಸುವ ಸಂಕ ಬೇಕು, ಆ ಸಂಕವನ್ನು ಯಾವುದರಿಂದ ಕಟ್ಟಬೇಕೆಂಬುದು ವಿಷಯದಿಂದ ವಿಷಯಕ್ಕೆ ಬೇರೆ. 2ರ ವರ್ಗಮೂಲ ಅಭಾಗಲಬ್ಧ ಎಂದು ಸಾಧಿಸಲು ನೂರು ಉದಾಹರಣೆಯೂ ಸಾಲದು. ಚರಿತ್ರೆಯಲ್ಲಿ ಒಂದೇ ಶಾಸನ ಸಾಕಾಗಬಹುದು. ಈ ವ್ಯತ್ಯಾಸವನ್ನು ಕನ್ನಡದ ಪೀರಿಯಡ್‌ನಲ್ಲಿ ಹೇಗೆ ಕಲಿಸುವುದು?

1975ರಲ್ಲಿ ಶಿಕ್ಷಣ ಸಂಶೋಧಕ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು ಬ್ರಿಟನ್ನಿನ 65 ಶಾಲೆಗಳ 2,000ಕ್ಕೂ ಹೆಚ್ಚು ಬರಹಗಳ ಅಧ್ಯಯನ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಬರಹ ಪರೀಕ್ಷಕನಾದ ಶಿಕ್ಷಕನಿಗೆಂದೇ ಬರೆದದ್ದು. ನಮ್ಮಲ್ಲಿ ಅದೂ ಇಲ್ಲ, ಮಕ್ಕಳು ಬೋರ್ಡಿನಿಂದ ನೋಟ್ಸ್ ಇಳಿಸಿಕೊಳ್ಳುತ್ತಾರೆ. ಅದನ್ನು ಬರವಣಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ವಿರೋಧ

ಎಲೆಯ ಉದಾಹರಣೆಗೆ ನನ್ನ ತಕರಾರಿಲ್ಲ. ತಿದ್ದುವವರು ಯಾರು? ನನಗೆ 3 ಸೆಕ್ಷನ್, ಒಂದೊಂದರಲ್ಲಿ 60 ಮಕ್ಕಳು. ಪುಟಕ್ಕೆ 3 ನಿಮಿಷ ಎಂದರೂ 9 ಗಂಟೆ. ತಿದ್ದದೆ ಬಿಟ್ಟರೆ ವರ್ಷ ಕಳೆಯುವುದರೊಳಗೆ ಪ್ರತಿಜ್ಞೆ, ಹೇತು, ಉದಾಹರಣೆ ಎಂದು ಖಾನೆ ಹಾಕಿದ ಮಾದರಿ ಉತ್ತರ ಗೈಡಿನಲ್ಲಿ ಬಂದಿರುತ್ತದೆ, ಮಕ್ಕಳು ಅದನ್ನೂ ಬಾಯಿಪಾಠ ಮಾಡಿರುತ್ತಾರೆ.

ಬರೆಯಲಾರದ ಮಗುವಿಗೆ ಅರ್ಥವಾಗಿಲ್ಲ ಎಂಬ ಮಾತಂತೂ ನನಗೆ ನೋವು ಕೊಡುತ್ತದೆ. ಮನೆಯಲ್ಲಿ ಲಂಬಾಣಿ ಮಾತಾಡುವ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ವಿದ್ಯುತ್ ಮಂಡಲದ ಚಿತ್ರ ಬಿಡಿಸಿ, ಅಮ್ಮೀಟರ್ ಇಲ್ಲಿ, ವೋಲ್ಟ್‌ಮೀಟರ್ ಇಲ್ಲಿ ಎಂದು ಬೆರಳಿಟ್ಟು ತೋರಿಸುವಳು. ಯಾಕಮ್ಮ ಎಂದರೆ ಅರ್ಧ ಕನ್ನಡ, ಅರ್ಧ ಲಂಬಾಣಿಯಲ್ಲಿ ಸರಿಯಾದ ಕಾರಣವನ್ನೇ ಹೇಳುವಳು. ಬರಿ ಎಂದರೆ ಮಾತ್ರ ಪೆನ್ನು ಕಚ್ಚಿಕೊಂಡು ಕೂರುವಳು. ಕನ್ನಡದಲ್ಲಿ ಯಾವುದಕ್ಕೆ ಅಂಕ ಹೋಗುತ್ತದೋ ಅದಕ್ಕೇ ವಿಜ್ಞಾನದಲ್ಲೂ, ಸಮಾಜ ವಿಜ್ಞಾನದಲ್ಲೂ ಹೋಗಬೇಕೆಂದರೆ ಅವಳಿಗೆ ಉಳಿಯುವುದೇನು?

ಇನ್ನು ನಮ್ಮ ತಯಾರಿ. 2014ರ ನಿಯಮಗಳಂತೆ ಬಿ.ಇಡ್. ಎರಡು ವರ್ಷದ್ದಾದಾಗ ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ವಿಷಯ, ಅಂದರೆ ಎಲ್ಲ ಪಾಠಗಳಲ್ಲೂ ಭಾಷೆಯ ಪಾತ್ರವೇನು ಎಂಬುದು, ಅದರಲ್ಲಿ ಸೇರಿತು. ಅದಕ್ಕೂ ಮೊದಲು ಓದಿ ಬಂದವರು ನಾವು. ವಾಕ್ಯ ಎಲ್ಲಿ ಮುರಿಯಬೇಕು, ಓದುವವರು ಯಾರೆಂದು ನೆನೆದು ಬರೆಯಬೇಕು ಎಂಬುದನ್ನು ಕಲಿಸುವುದೇ ಒಂದು ವಿದ್ಯೆ, ಅದಕ್ಕೆ ಅದರದೇ ಸಮಯ ಬೇಕು. ಭಾಷಾ ಶಿಕ್ಷಕರಿಗೆ ವಾರಕ್ಕೊಮ್ಮೆ ಎರಡು ಪೀರಿಯಡ್ ಒಟ್ಟಿಗೆ ಕೊಡಿ. ಎಲೆಯ ಪ್ರಯೋಗವನ್ನೇ ಅಲ್ಲಿ ಬರೆಸಲಿ, ನಾನೂ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ನನ್ನ ಪೀರಿಯಡ್‌ನಲ್ಲಿ ಆ ಹುಡುಗಿಯಂಥವರು ಚಿತ್ರ ಬಿಡಿಸಿ, ತಮಗೆ ಬಂದ ಮಾತಿನಲ್ಲಿ ಹೇಳಲಿ.