ಬಾಯ್ಲರ್ ಇರೋದು ಇದರಲ್ಲೇ
'1997ರ ದಿ ಶೈನಿಂಗ್ ಸರಣಿಯನ್ನು ಈಗ ನೋಡಿದರೆ ನಗು ಬರುತ್ತದೆ' ಅಂತ ಬರೆದಿದ್ದೀರಿ. ಪೊದೆ ಕತ್ತರಿಸಿ ಮಾಡಿದ ಪ್ರಾಣಿಗಳು ಓಡಾಡುವ ಕಡೆ ನನಗೂ ನಗು ಬಂತು. ಆಗಿನ ಟಿವಿ ಗ್ರಾಫಿಕ್ಸ್ ಅಷ್ಟೇ, ಬಿಡಿ. ಆದರೆ ಅದೊಂದನ್ನೇ ಹಿಡಿದು ಇಡೀ ಸರಣಿಯನ್ನು ತಳ್ಳಿಹಾಕೋದು ಸರಿಯಲ್ಲ.

ಸ್ಟೀಫನ್ ಕಿಂಗ್‌ನ ಇದೇ ಕಾದಂಬರಿ ಮೇಲೆ ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ ಮಾಡಿದ ಸಿನಿಮಾದಲ್ಲಿ ನಾಯಕ ಜ್ಯಾಕ್ ಆಗಿದ್ದ ಜ್ಯಾಕ್ ನಿಕೋಲ್ಸನ್ ಮುಖ ಮೊದಲ ಸೀನಿನಲ್ಲೇ ಅರ್ಧ ಕೆಟ್ಟಿರುತ್ತದೆ. ಸರಣಿಯಲ್ಲಿ ಅದೇ ಪಾತ್ರ ಮಾಡಿದ ಸ್ಟೀವನ್ ವೆಬರ್ ಹಾಗಲ್ಲ. ಚಳಿಗಾಲಕ್ಕೆ ಮುಚ್ಚಿದ ಹೋಟೆಲ್ ಕಾಯುವ ಕೆಲಸಕ್ಕೆ ಬಂದು, ಕುಡಿತ ಬಿಟ್ಟು, ಹೆಂಡತಿ ಮಗನ ಮುಂದೆ ಮತ್ತೆ ಮನುಷ್ಯ ಅನಿಸಿಕೊಳ್ಳಲು ಒದ್ದಾಡುವ ಅಪ್ಪ. ಅವನು ಜಾರುತ್ತಾ ಹೋಗೋದನ್ನು ನೋಡೋಕೆ ಸಂಕಟ ಆಗುತ್ತದೆ. ಸ್ಟೀಫನ್ ಕಿಂಗ್ ಸ್ವತಃ ಚಿತ್ರಕಥೆ ಬರೆದಿದ್ದಕ್ಕೆ ಇದು ಉಳಿದುಕೊಂಡಿದೆ.

ಬಾಯ್ಲರ್ ವಿಷಯ ನೀವು ಹೇಳಲೇ ಇಲ್ಲ! ನೆಲಮಾಳಿಗೆಯ ಆ ಹಳೇ ಬಾಯ್ಲರಿನ ಪ್ರೆಷರ್ ದಿನಾ ಇಳಿಸಬೇಕು, ಮರೆತರೆ ಹೋಟೆಲ್ಲೇ ಢಮಾರ್. ಪ್ರೆಷರ್ ಮೀಟರಿನ ಮುಳ್ಳು ಮೇಲೇರಿದಂತೆ ಜ್ಯಾಕ್ ತಲೆಯೊಳಗೂ ಏರುತ್ತಾ ಹೋಗುತ್ತದೆ. ಸಿನಿಮಾದಲ್ಲಿ ಕೊನೆಗೆ ಹಿಮ. ಇಲ್ಲಿ, ಕಾದಂಬರಿಯ ಹಾಗೇ, ಬೆಂಕಿ. ಸಿನಿಮಾದ ಕೊಡಲಿ ಬದಲು ಜ್ಯಾಕ್ ಕೈಯಲ್ಲಿ ಮರದ ಕೊಡತಿ, ಅದು ಗೋಡೆಗೆ ಬಡಿಯುವ ಸದ್ದು ಜಾಸ್ತಿ ಹೆದರಿಸುತ್ತದೆ.

ಇನ್ನೊಂದು. ಸರಣಿಯ ಚಿತ್ರೀಕರಣ ಆಗಿದ್ದು ಕೊಲರಾಡೊದ ಸ್ಟ್ಯಾನ್ಲಿ ಹೋಟೆಲಿನಲ್ಲಿ. ಕಿಂಗ್ 1974ರಲ್ಲಿ ಉಳಿದುಕೊಂಡಿದ್ದಾಗ ಕಾದಂಬರಿ ಹೊಳೆದದ್ದು ಅಲ್ಲೇ.

ಮೂರು ಭಾಗ ಸ್ವಲ್ಪ ಉದ್ದವಾಯ್ತು, ಒಪ್ಪುತ್ತೇನೆ. ಕೊನೆಯಲ್ಲಿ ಮಗ ಹೈಸ್ಕೂಲು ಮುಗಿಸುವ ಸಮಾರಂಭದ ಸೀನ್ ಅಂತೂ ಸುಮ್ನೆ ಬೆಲ್ಲ ಸುರಿದಂಗಿದೆ.